ಬಿಸಿಲಿನ ಮೇಲೆ ಚಪ್ಪರ

"ಯಾರ್ಲಾ ಅದು? ಯಾರ್ಲಾ ನನ್ ಕಣದಲ್ಲಿ ಗಳ ನೆಡ್ತಿರೋನು?"

ತಲೆಯ ಮೇಲಿದ್ದ ಹುಲ್ಲಿನ ಹೊರೆಯನ್ನು ಸೋಮಮ್ಮ ಇಳಿಸಲಿಲ್ಲ, ಎತ್ತಿ ಎಸೆದಳು. ಹೊರೆ ಬದುವಿನಿಂದ ಉರುಳಿ ಹಳ್ಳದ ಅಂಚಿನಲ್ಲಿ ನಿಂತಿತು. ಏಣಿಯ ಮೇಲೆ ನಿಂತು ಹಸಿ ತೆಂಗಿನ ಗರಿಯನ್ನು ಅಡ್ಡಗಳಕ್ಕೆ ಬಿಗಿಯುತ್ತಿದ್ದ ಪಕ್ಕದ ಮನೆಯ ನಂಜಪ್ಪ ಹಲ್ಲು ಕಿರಿದ.

"ನಾನು ಕಣಕ್ಕೋ. ನಾಳೀಕೆ ಸಾಹೇಬ್ರು ಬತ್ತಾರಲ್ಲಾ, ಚಪ್ರ ಆಕ್ತಾವ್ನಿ."

ಅರ್ಧ ಕಣ ಆಗಲೇ ಮುಚ್ಚಿಹೋಗಿತ್ತು. ಗರಿಯ ಕೆಳಗೆ ಸಿಮೆಂಟಿನ ಅಗಲ ತೊಟ್ಟಿ, ತೊಟ್ಟಿಯೊಳಗೆ ಸಾಲಾಗಿ ಹಾಸಿದ್ದ ಬಿಳಿ ಹಾಳೆಗಳು, ಹಾಳೆಗಳ ಮೇಲೆ ತೆಳ್ಳಗೆ ನಿಂತ ಕೆಂಪು ನೀರು. ಬೆಳಿಗ್ಗೆ ಅವಳೇ ಹಳ್ಳದಿಂದ ಕೊಡದಲ್ಲಿ ಹೊತ್ತು ತುಂಬಿಸಿದ್ದ ನೀರು. ಈ ಹೊತ್ತಿಗೆ ಅದರ ಕೆಂಪು ಇಳಿಯುತ್ತ ಬರಬೇಕಿತ್ತು. ಇಳಿದಿರಲಿಲ್ಲ. ನೆರಳಿನಲ್ಲಿ ತಣ್ಣಗೆ, ಹಾಕಿದ್ದು ಹಾಕಿದಂತೆಯೇ ಕೂತಿತ್ತು.

"ಇಳಿ ಕೆಳೀಕೆ."

"ಅಕ್ಕೋ, ದೇವ್ರಾಜಣ್ಣನೇ ಯೋಳಿದ್ದು..."

"ಇಳೀತೀಯೋ, ಏಣಿ ಎಳೀಲೋ?"

ನಂಜಪ್ಪ ಇಳಿದ. ಸೋಮಮ್ಮ ಎಳೆಯುವವಳೇ ಎಂದು ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ಅವಳ ಗಂಡ ದೇವರಾಜು ಹೆಗಲ ಮೇಲೆ ಬಾಳೆಕಂಬ ಹೊತ್ತುಕೊಂಡು ಬಂದ. ಪಂಚಾಯ್ತಿ ಮೆಂಬರಾದ ಮೇಲೆ ಅವನು ಗದ್ದೆಗೆ ಹೋಗುವಾಗಲೂ ಬಿಳಿ ಅಂಗಿ ಬಿಡುತ್ತಿರಲಿಲ್ಲ. ಆ ಅಂಗಿಯ ಮೇಲೆ ಬಾಳೆಯ ಸೊನೆ ಸುರಿದಿತ್ತು. ಅದನ್ನೂ ಲೆಕ್ಕಿಸದಷ್ಟು ಹುರುಪಿನಲ್ಲಿದ್ದ.

"ಏನಯ್ಯಾ ಇದು?" ಎಂದಳು ಸೋಮಮ್ಮ. ಉಳಿದ ದಿನ ಗಂಡನಿಗೆ 'ನೀವು' ಎನ್ನುವವಳು ಸಿಟ್ಟು ನೆತ್ತಿಗೇರಿದಾಗ ಮಾತ್ರ 'ಅಯ್ಯಾ' ಎನ್ನುತ್ತಿದ್ದಳು. ದೇವರಾಜು ಅದನ್ನು ಕೇಳಿಸಿಕೊಂಡೇ ಬಾಳೆಕಂಬ ಕೆಳಗಿಟ್ಟ.

"ಊರೆಲ್ಲಾ ಕೇಳಂಗೆ ಅರಚ್ಬ್ಯಾಡ ಕಣಮ್ಮಿ. ಬೆಂಗ್ಳೂರಿಂದ ಬರೋ ಸಾಹೇಬ್ರನ್ನ ಬಿಸ್ಲಲ್ಲಿ ನಿಲ್ಸಕಾಯ್ತದಾ? ನಮ್ಗೂ ಒಂದು ಮರ್ವಾದಿ ಬ್ಯಾಡ್ವಾ?"

"ಅದು ಬಿಸ್ಲು ಕುಡ್ದು ಕ್ಯಾಮೆ ಮಾಡೋ ತೊಟ್ಟಿ ಕಣಯ್ಯಾ! ಬಿಸ್ಲು ಬೀಳ್ಲಿ ಅಂತ ತಾನೇ ಮರ ಕಡ್ಸಿದ್ದು? ಅದ್ರ ಮೇಲೆ ಚಪ್ರ ಆಕ್ತಾವ್ರಂತೆ ಚಪ್ರ! ಅನ್ನ ತಿನ್ನೋ ಬಾಯ್ಗೆ ಬಟ್ಟೆ ತುರುಕ್ದಂಗೆ!"

"ಬೆಳಕು ಬತ್ತದೆ ಬುಡು ಸಂದಿಲಿ."

ಸಂದಿಯಲ್ಲಿ ಬರುತ್ತಂತೆ! ದೊಡ್ಡವರ ತಲೆಯ ಮೇಲೆ ನೆರಳು ಹಿಡಿದುಬಿಟ್ಟರೆ ಮರ್ಯಾದೆ ಉಳಿಯಿತು ಎಂದುಕೊಳ್ಳುವ ಗಂಡಸರಿಗೆ ಯಾರು ಏನು ಹೇಳುವುದು? ಮದುವೆಯಾಗಲಿ, ಮಂತ್ರಿ ಬರಲಿ, ಶಾಲೆಗೆ ಗಡಿಯಾರ ಕೊಡಲಿ, ಈ ಕೊಪ್ಪಲಿನವರು ಮೊದಲು ಮಾಡುವ ಕೆಲಸ ನಾಲ್ಕು ಗಳ ನೆಟ್ಟು ಹಸಿರು ಚಪ್ಪರ ಹಾಕುವುದು. ಯಾತಕ್ಕೆ, ಎಲ್ಲಿ ಎಂದು ಕೇಳುವ ಪದ್ಧತಿಯೇ ಇಲ್ಲ.

ಕಿರಂಗೂರಿನಿಂದ ಪಾಂಡವಪುರದ ಕಡೆ ಹೋಗುವಾಗ ಒಳಕ್ಕೆ ತಿರುಗಿದರೆ ಸಿಗುವ ಕೊಪ್ಪಲು ಅದು. ಮೇಲಿನ ದಿನ್ನೆಯಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಬಂದು ಕೆಲವು ವರ್ಷಗಳಾಗಿದ್ದವು. ಬಣ್ಣದ ತೊಟ್ಟಿಗಳನ್ನು ತೊಳೆದ ನೀರನ್ನೆಲ್ಲ ಅವರು ಹಳ್ಳಕ್ಕೆ ಬಿಡುತ್ತಿದ್ದರು. ಮೊದಮೊದಲು ಊರಿಗೆ ಅದೊಂದು ತಮಾಷೆ. ಈವತ್ತು ಅರಿಸಿನ, ನಾಳೆ ಏನೋ ಎಂದು ಹೆಂಗಸರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು ನಗುತ್ತಿದ್ದರು. ಆಮೇಲೆ ಮೀನು ಹೋದವು. ಆಮೇಲೆ ದನಗಳ ಮೂತಿಯಲ್ಲಿ ಹುಣ್ಣು. ಆಮೇಲೆ ಗಬ್ಬದ ಹಸುಗಳು ದಿನ ತುಂಬುವ ಮೊದಲೇ ಕಂದು ಹಾಕತೊಡಗಿದವು. ಸೋಮಮ್ಮನ ಗೌರಿ ಎರಡು ಸಲ ಹಾಕಿತು. ಎರಡನೆಯ ಸಲ ಅದು ಸತ್ತ ಕರುವನ್ನು ನೆಕ್ಕುವುದನ್ನು ನಿಲ್ಲಿಸಲಿಲ್ಲ, ಎಳೆದೊಯ್ಯಲು ಹೋದವರಿಗೆ ಹಾಯಲು ಬಂತು.

"ಬಣ್ಣ ಅಷ್ಟೇ ಕಣಮ್ಮ, ವಿಷ ಅಲ್ಲ" ಎಂದಿದ್ದ ಕಾರ್ಖಾನೆಯ ಮ್ಯಾನೇಜರು ತಿಮ್ಮರಾಜು. ಅವನ ಮನೆ ಪಾಂಡವಪುರದಲ್ಲಿತ್ತು, ಅವನ ಮನೆಯ ನಲ್ಲಿಯಲ್ಲಿ ಬಿಳಿ ನೀರು ಬರುತ್ತಿತ್ತು.

ಜನರಿಗೆ ಬೋರ್‌ವೆಲ್ಲಿನ ಕೈಪಂಪಿತ್ತು. ಬೇಸಿಗೆ ಬಲಿತರೆ ಅದೂ ಕೆಮ್ಮುತ್ತಿತ್ತು. ದನಗಳಿಗೆ ಹಳ್ಳವೇ ಗತಿ. ಗೌರಿ ಮತ್ತೆ ಗಬ್ಬವಾದ ಮೇಲೆ ಸೋಮಮ್ಮ ಪಂಪಿನಿಂದ ಕೊಡ ಹೊತ್ತು ಅದಕ್ಕೆ ಕುಡಿಸುತ್ತಿದ್ದಳು. ಮನುಷ್ಯರ ನೀರನ್ನು ಹಸುವಿಗೆ ಹೊಯ್ಯುತ್ತಾಳೆ ಎಂದು ಪಂಪಿನ ಬಳಿ ದಿನಾ ಜಗಳ.

ಆಗ ಬಂದವಳು ರಂಜಿತ. ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಅವಳು ತಂದ ಹಾಳೆಗಳು ಬಟ್ಟೆಯಂತೆ ಕಂಡರೂ ಬಟ್ಟೆಯಲ್ಲ. ಅವುಗಳ ಮೇಲೆ ಬಿಳಿಯ ಪುಡಿಯೊಂದನ್ನು ಬೇಯಿಸಿ ಕೂರಿಸಿದ್ದಳು. ಬಿಸಿಲು ಬಿದ್ದರೆ ಪುಡಿ ಎಚ್ಚರವಾಗಿ ನೀರಿನಲ್ಲಿರುವ ಬಣ್ಣವನ್ನು ಸುಟ್ಟುಹಾಕುತ್ತದೆ, ತಿಳಿಯಾದ ನೀರು ಹಾಳೆಯ ಮೂಲಕ ಜಿನುಗಿ ಕೆಳಗಿನ ಬಾನಿಗೆ ಇಳಿಯುತ್ತದೆ, ಬಿಸಿಲಿಲ್ಲದಿದ್ದರೆ ಅದು ಬರೀ ಹಾಳೆ ಎಂದು ಊರವರನ್ನೆಲ್ಲ ಕೂರಿಸಿಕೊಂಡು ಹೇಳಿದ್ದಳು. ಹೆಂಗಸರು ಅದಕ್ಕೆ 'ಅಪ್ಪಳ' ಎಂದು ಹೆಸರಿಟ್ಟರು. ಬಿಸಿಲಿಗೆ ಹಾಕುವುದು ತಾನೇ?

ಹಳ್ಳದ ಪಕ್ಕದಲ್ಲಿ ದಿನವಿಡೀ ಬಿಸಿಲು ಬೀಳುವ ಸಮತಟ್ಟಾದ ಜಾಗ ಬೇಕಿತ್ತು. ಇದ್ದದ್ದು ಸೋಮಮ್ಮನ ಮನೆಯ ಕಣ ಒಂದೇ. ಆದರೆ ಕಣದ ಪಡುವಲ ಅಂಚಿನಲ್ಲಿ ಹುಣಸೆಮರವಿತ್ತು. ಹೊತ್ತು ವಾಲಿದರೆ ಕಣವೆಲ್ಲ ಅದರ ನೆರಳೇ. ಸೋಮಮ್ಮನ ಮಾವ ನೆಟ್ಟದ್ದು. ಕಣ ಮಾಡುವ ಕಾಲದಲ್ಲಿ ಊರೇ ಅದರ ಕೆಳಗೆ ಕೂತು ಉಣ್ಣುತ್ತಿತ್ತು. ಅತ್ತೆ ಚಿಕ್ಕಬೋರಮ್ಮ ಪ್ರತಿ ವರ್ಷ ಅದರ ಹಣ್ಣು ಉದುರಿಸಿ, ಬೀಜ ತೆಗೆದು, ನೆಂಟರಿಷ್ಟರಿಗೆಲ್ಲ ಹಂಚುತ್ತಿದ್ದಳು. ಆ ಮರವನ್ನು ಸೋಮಮ್ಮ ಕಡಿಸಿದಳು. ಕೊಡಲಿಯವರು ಮುಟ್ಟಲು ಹಿಂದೆಮುಂದೆ ನೋಡಿದಾಗ ಮೊದಲ ಏಟು ತಾನೇ ಹಾಕಿದಳು. ಆವತ್ತಿನಿಂದ ಚಿಕ್ಕಬೋರಮ್ಮ ಸೊಸೆಯ ಜೊತೆ ಮಾತು ಬಿಟ್ಟಿದ್ದಳು. ತಟ್ಟೆ ಮುಂದಿಟ್ಟರೆ ಉಣ್ಣುವಳು, ಅಷ್ಟೇ. ಏನಾದರೂ ಬೇಕಿದ್ದರೆ ಗೋಡೆಗೆ ಹೇಳುವಳು.

ಹಾಳೆಗಳೇನೂ ಸುಳ್ಳು ಹೇಳಲಿಲ್ಲ. ಬೆಳಿಗ್ಗೆ ಹೊಯ್ದ ಕೆಂಪು ನೀರು ಸಂಜೆಗೆ ಬಾನಿಯಲ್ಲಿ ತಿಳಿಯಾಗಿ ಇಳಿಯಿತು. ಮೋಡ ಕವಿದ ದಿನ ಕೆಂಪಾಗಿಯೇ ಉಳಿಯಿತು. ಇದನ್ನು ಊರು ಕಣ್ಣಾರೆ ಕಂಡಿತ್ತು, ದೇವರಾಜುವೂ ಕಂಡಿದ್ದ. ನಾಳೆ ಮಾಲಿನ್ಯ ತಡೆಯುವ ಇಲಾಖೆಯಿಂದ ಬರುವ ಸಾಹೇಬರು ಅದನ್ನೇ ನೋಡಬೇಕಿತ್ತು. ಅವರ ಕಣ್ಣೆದುರು ನೀರು ತಿಳಿಯಾದರೆ ಕಾರ್ಖಾನೆ ತನ್ನ ಬಾಗಿಲಲ್ಲೇ ಇಂಥದ್ದೊಂದು ದೊಡ್ಡದನ್ನು ಕಟ್ಟಿ, ಆಮೇಲೆಯೇ ಹಳ್ಳಕ್ಕೆ ನೀರು ಬಿಡಬೇಕು. ಇಲ್ಲದಿದ್ದರೆ ಈಗ ಹೇಗೋ ಹಾಗೆ. ಇನ್ನೊಂದು ಸಲ ಯಾರೂ ಬರುವುದಿಲ್ಲ ಎಂದು ರಂಜಿತ ಮೊದಲೇ ಹೇಳಿದ್ದಳು.

"ಗರಿ ಎಲ್ಲಿಂದ ಬಂತು?" ಸೋಮಮ್ಮ ಕೇಳಿದಳು.

"ತಿಮ್ಮರಾಜಣ್ಣ ಕಳ್ಸವ್ರೆ. ಟ್ರಾಕ್ಟರ್ ತುಂಬಾ" ಎಂದ ನಂಜಪ್ಪ, ಒಳ್ಳೆಯ ಸುದ್ದಿ ಹೇಳುವವನ ಹಾಗೆ.

ಸೋಮಮ್ಮನಿಗೆ ಮೈ ಉರಿದುಹೋಯಿತು. ರಸ್ತೆಯ ಅಂಚಿನಲ್ಲಿ ಟ್ರಾಕ್ಟರಿನ ಪಕ್ಕ ಸ್ಕೂಟರು ನಿಲ್ಲಿಸಿಕೊಂಡು ತಿಮ್ಮರಾಜು ನಿಂತೇ ಇದ್ದ. ಅವಳು ನೇರ ಅವನ ಮುಂದೆ ಹೋಗಿ ನಿಂತಳು.

"ಏನ್ ಸ್ವಾಮಿ, ನಮ್ಮೂರ್ಗೆ ಯಾವತ್ತೂ ಒಂದು ಕಡ್ಡಿ ಕೊಡ್ದೋರು ಇವತ್ತು ಗರಿ ಕಳ್ಸಿದ್ದೀರಲ್ಲಾ, ಏನ್ ಕತೆ?"

"ಬಂದೋರ್ಗೆ ಉಪಚಾರ ಮಾಡೋದು ತಪ್ಪೇನಮ್ಮಾ?" ಅವನು ನಕ್ಕ. "ಬೆಳಕಿದ್ರೆ ಸಾಕು ಅಂತ ನಿಮ್ ಮೇಡಮ್ಮೇ ಯೋಳವ್ರಲ್ಲಾ."

"ಬೆಳಕಲ್ಲ, ಬಿಸ್ಲು! ನಿಮ್ಗೂ ಗೊತ್ತು ನಂಗೂ ಗೊತ್ತು. ಗೊತ್ತಿದ್ದೇ ಕಳ್ಸಿದ್ದೀರಿ ನೀವು. ಥೂ, ನಿಮ್ ಉಪಚಾರುಕ್ಕೊಂದಿಷ್ಟು!"

ತಿಮ್ಮರಾಜು ನಗು ಬಿಡಲಿಲ್ಲ. ಅವನಿಗೆ ಅವಳ ಜೊತೆ ವಾದ ಮಾಡುವ ಅಗತ್ಯವೇ ಇರಲಿಲ್ಲ. ಕೆಲಸ ಅವನ ಪರವಾಗಿ ಊರವರೇ ಮಾಡುತ್ತಿದ್ದರು.

ಸೋಮಮ್ಮ ಕಣಕ್ಕೆ ಮರಳಿ ಮೂಲೆಯ ಗಳವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದಳು. ಗಂಡಸರು ಹೋ ಎಂದರು. ಗಳಕ್ಕೆ ಆಗಲೇ ಅರಿಸಿನದ ದಾರ ಕಟ್ಟಿ, ಕಾಯಿ ಒಡೆದಾಗಿತ್ತು. ಪೂಜೆಯಾದ ಹಸಿರು ಚಪ್ಪರವನ್ನು ಗರಿ ಒಣಗುವವರೆಗೆ ಕೀಳಬಾರದು. ಕಿತ್ತರೆ ಆ ಮನೆಯಲ್ಲಿ ಒಂದು ಜೀವ ಹೋಗುತ್ತದೆ ಎನ್ನುವುದು ಊರಿನ ನಂಬಿಕೆ.

"ನಿನ್ ಅಸ ಗಬ್ಬ ಅದೆ. ನೆಪ್ಪಿರ್ಲಿ" ಎಂದ ದೇವರಾಜು.

ಸೋಮಮ್ಮನ ಕೈ ಗಳದ ಮೇಲೇ ನಿಂತಿತು. ಅವಳೂ ಇದೇ ಸೀಮೆಯವಳು, ಇದೇ ಮಾತು ಕೇಳಿ ಬೆಳೆದವಳು. ಗೌರಿಯ ಹೊಟ್ಟೆಯ ಮೇಲೆ ಕೈಯಿಟ್ಟರೆ ಕರು ಒದೆಯುವುದು ತಿಳಿಯುತ್ತಿತ್ತು. ಹೆದರಿಕೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿತು. ಗಂಡನ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚಿನ ಸಿಟ್ಟು ಆ ಹೆದರಿಕೆಯ ಮೇಲೆ ಬಂತು. ಆದರೂ ಕೈ ಬಿಟ್ಟಳು.

ಕಿರಂಗೂರಿನ ಎಸ್‌ಟಿಡಿ ಬೂತಿಗೆ ನಡೆದುಹೋಗಿ ರಂಜಿತಳ ಹಾಸ್ಟೆಲಿಗೆ ಫೋನು ಮಾಡಿಸಿದಳು. ಆ ಕಡೆ ಎತ್ತಿದವರು ಅವಳು ಆಚೆ ಹೋಗಿದ್ದಾಳೆ, ನಾಳೆ ಬೆಳಿಗ್ಗೆಯೇ ನಿಮ್ಮೂರಿಗೆ ಬರುತ್ತಾಳಲ್ಲ ಎಂದು ಇಟ್ಟುಬಿಟ್ಟರು.

ರಂಜಿತ ಬೆಳಗಿನ ಬಸ್ಸಿಗೆ ಬಂದಳು. ಕಣವನ್ನು ನೋಡಿ ಅವಳ ಮುಖ ಸುಣ್ಣವಾಯಿತು. ಚಪ್ಪರದ ಕೆಳಗೆ ಬಾಳೆಕಂಬ, ಮಾವಿನ ತೋರಣ, ಕೆಂಪು ಬಟ್ಟೆ ಹೊದಿಸಿದ ಕುರ್ಚಿ, ಎಳನೀರಿನ ರಾಶಿ. ಎಲ್ಲದರ ನಡುವೆ ಕತ್ತಲಲ್ಲಿ ಅವಳ ತೊಟ್ಟಿ.

"ನಾನು ಸಾಹೇಬರಿಗೆ ಹೇಳ್ತೀನಿ ಸೋಮಮ್ಮನೋರೆ. ಬಂದ ಕೂಡಲೇ ಹೇಳ್ತೀನಿ" ಎಂದಳು.

ಸಾಹೇಬರು ಜೀಪಿನಲ್ಲಿ ಬಂದರು. ಊರವರು ಹಾರ ಹಾಕಿದರು. ಗಂಡಸರೆಲ್ಲ ಮುಂದೆ, ಹೆಂಗಸರು ಹಿಂದೆ. ರಂಜಿತ ಹತ್ತಿರ ಹೋಗಿ, "ಸರ್, ಬಿಸಿಲು..." ಎಂದು ಶುರುಮಾಡಿದಳು.

"ಬಿಸಿಲು ಜಾಸ್ತೀನೇ ಇದೆಯಮ್ಮಾ, ಅದಕ್ಕೇ ಮೊದಲು ಎಳನೀರು" ಎಂದರು ಸಾಹೇಬರು. ಎಲ್ಲರೂ ನಕ್ಕರು. ತಿಮ್ಮರಾಜು ಎಲ್ಲರಿಗಿಂತ ಜೋರಾಗಿ ನಕ್ಕ. ರಂಜಿತ ಉಳಿದ ಮಾತನ್ನು ನುಂಗಿಕೊಂಡಳು.

ಆಮೇಲೆ ಸಾಹೇಬರು ಬಗ್ಗಿ ತೊಟ್ಟಿ ನೋಡಿದರು, ಬಾನಿ ನೋಡಿದರು. "ಇದೇನಮ್ಮಾ, ಹೋಗೋದೂ ಕೆಂಪು, ಬರೋದೂ ಕೆಂಪು?"

"ಸರ್, ಮೇಲೆ ನೆರಳಿದೆ ಅಲ್ವಾ, ಅದಕ್ಕೆ..."

"ನೆರಳಲ್ಲಿ ಕೆಲಸ ಮಾಡದಿದ್ರೆ ಮಳೆಗಾಲದಲ್ಲಿ ಏನಮ್ಮಾ ಮಾಡ್ತೀರಿ?"

ಅದಕ್ಕೆ ಅವಳಲ್ಲಿ ಉತ್ತರವಿತ್ತು. ಮಳೆಗಾಲದ ನೀರನ್ನು ಹಿಡಿದಿಡುವ ಕೊಳದ ಚಿತ್ರವನ್ನೇ ಬರೆದುಕೊಂಡು ಬಂದಿದ್ದಳು. ಬಾಯಿ ತೆರೆಯುವಷ್ಟರಲ್ಲಿ ತಿಮ್ಮರಾಜು, "ಸಾರ್, ಊಟ ಆರೋಯ್ತದೆ" ಎಂದ. ಸಾಹೇಬರು ಗಡಿಯಾರ ನೋಡಿಕೊಂಡರು.

"ಸ್ವಾಮಿ, ಒಂದ್ ಗಳಿಗೆ! ಆ ಗರಿ ತೆಗ್ಸಿ ನೋಡಿ ಸ್ವಾಮಿ!" ಎಂದು ಸೋಮಮ್ಮ ಹಿಂದಿನಿಂದ ಕೂಗಿದಳು. "ಎಂಗಸ್ರು ವಸಿ ಸುಮ್ನಿರ್ರಮ್ಮಾ" ಎಂದ ಯಾರೋ. ಯಾರೋ ಏನು, ಅವಳ ಗಂಡನೇ. ಜೀಪು ದಿನ್ನೆ ಹತ್ತಿ ಕಾರ್ಖಾನೆಯ ಕಡೆಗೆ ಹೋಯಿತು. ಹಿಂದಿನ ಸೀಟಿನಲ್ಲಿ ದೇವರಾಜುವೂ ಕೂತಿದ್ದ. ಹುಟ್ಟಿದ ಮೇಲೆ ಮೊದಲ ಸಲ ಸರ್ಕಾರಿ ಜೀಪಿನಲ್ಲಿ ಕೂತವನ ಬೆನ್ನು ನೆಟ್ಟಗಿತ್ತು.

ಚಪ್ಪರದ ಕೆಳಗೆ ರಂಜಿತ ಒಬ್ಬಳೇ ಉಳಿದಳು. ಸೋಮಮ್ಮ ಅವಳ ತೋಳು ಹಿಡಿದು ತಿರುಗಿಸಿದಳು.

"ನಿನ್ ಬಾಯ್ಗೇನಾಗಿತ್ತವ್ವಾ?"

"ನಾನು ಹೇಳೋಕೆ ಹೋದೆ..."

"ಓದೆ! ಓಗಿ ವಾಪಸ್ ಬಂದೆ! ನಮ್ ಮನೇಲಿ ಕುಂತು ಮುದ್ದೆ ಉಣ್ತಾ ಎಷ್ಟ್ ಮಾತಾಡ್ತಿದ್ದೆ, ಈಗ ಆ ನನ್ಮಕ್ಳು ನಕ್ರು ಅಂತ ಬಾಯಿ ಕಟ್ಕಂಡ್ಬುಡ್ತಾ? ನಾನು ಮರ ಕಡ್ಸಿದ್ದು ಇದ್ಕಾ? ಯೋಳು, ಇದ್ಕಾ?"

ರಂಜಿತಳ ಕಣ್ಣಲ್ಲಿ ದಳದಳ ನೀರು ಬಂತು.

"ಅಳ್ಬ್ಯಾಡ. ನೀನ್ ಅತ್ರೆ ಆ ನೀರು ತಿಳಿಯಾಯ್ತದಾ?"

ಹಾಗೆಂದವಳೇ ಸೋಮಮ್ಮ ಮನೆಯೊಳಗೆ ಹೋಗಿ ಮಚ್ಚು ತಂದಳು. ಕಣದ ಅಂಚಿನಲ್ಲಿ ಎಳನೀರು ಕುಡಿಯುತ್ತ ನಿಂತಿದ್ದ ಗಂಡಸರು ದಾರಿ ಬಿಟ್ಟರು. ಮೂಲೆಯ ಗಳಕ್ಕೆ ಕಟ್ಟಿದ್ದ ಹುರಿಯ ಮೇಲೆ ಮಚ್ಚು ಇಟ್ಟಳು. ಇಟ್ಟಳು, ಅಷ್ಟೇ. ಕೊಟ್ಟಿಗೆಯಲ್ಲಿ ಗೌರಿ ಮೆಲುಕು ಹಾಕುವ ಸದ್ದು ಅಲ್ಲಿಗೆ ಕೇಳುತ್ತಿತ್ತು.

"ಬ್ಯಾಡ ಕಣಕ್ಕೋ," ನಂಜಪ್ಪ ಅಂದ. ಅವನ ದನಿಯಲ್ಲಿ ನಿಜವಾದ ಭಯವಿತ್ತು. "ಅಸಿ ಚಪ್ರ ಕಿತ್ತೋರು ಯಾರೂ ಉದ್ಧಾರಾಗಿಲ್ಲ. ಸಕುನ ಅಲ್ಲ ಅದು."

"ಅವತ್ತು ನನ್ ಮರ ಕಡೀವಾಗ ಯಾವ ಸಕುನ ನೋಡಿದ್ಯಲಾ ನಂಜ?"

ಎಲ್ಲರೂ ತಿರುಗಿದರು. ಜಗಲಿಯ ಮೇಲೆ ಚಿಕ್ಕಬೋರಮ್ಮ ಕೋಲೂರಿ ಎದ್ದು ನಿಂತಿದ್ದಳು.

"ಕೊಡ್ಲಿ ಇಡ್ಕಂಡಿದ್ದೋನು ನೀನೇ ಅಲ್ವಾ? ಅದೂ ಅಸಿ ಮರವೇ. ಊವ ಬುಟ್ಟಿತ್ತು. ನನ್ ಗಂಡನ್ ಕೈಲಿ ನೀರ್ ಕುಡ್ದ್ ಬೆಳ್ದಿದ್ದು. ಆಗ ಯಾವ ಜೀವ ಓಯ್ತದೆ ಅಂತ ಒಬ್ನಾದ್ರೂ ಬಾಯ್ ಬುಟ್ರಾ? ಈಗ ಎಳ್ಡು ಗರಿ ಕಿತ್ರೆ ಜೀವ ಓಯ್ತದಾ?" ಅವಳು ಸೊಸೆಯ ಕಡೆ ತಿರುಗಿದಳು. "ಕಡ್ದಿದ್ದು ಕಡ್ದೆ. ನಾನದ್ನ ಮರೆಯಾಕಿಲ್ಲ. ಆದ್ರೆ ನನ್ ಮರ ಕಡ್ದು ನೆಳ್ಳಲ್ಲಿ ಕುಂತ್ಕಂಡಿಯಾ? ಕೀಳಮ್ಮಿ! ಏನ್ ನೋಡ್ತಾ ನಿಂತಿದ್ದೀಯೆ?"

ಮರ ಉರುಳಿದ ಮೇಲೆ ಅತ್ತೆ ಸೊಸೆಗೆ ಆಡಿದ ಮೊದಲ ಮಾತು ಅದು.

ಮಚ್ಚಿನ ಏಟು ಬಿತ್ತು. ಹುರಿ ಹರಿದು ಮೂಲೆಯ ಗರಿಗಳು ಜೋಲಿದವು. ಸೋಮಮ್ಮ ಎರಡನೆಯ ಗಳಕ್ಕೆ ಹೋಗುವಷ್ಟರಲ್ಲಿ ಏಣಿಯ ಸದ್ದಾಯಿತು. ರಂಜಿತ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಹತ್ತುತ್ತಿದ್ದಳು. ಕಣ್ಣು ಮೂಗು ಒರೆಸಿಕೊಂಡಿರಲಿಲ್ಲ. ಮೇಲೆ ನಿಂತು ಎರಡು ಕೈಯಲ್ಲೂ ಗರಿ ಜಗ್ಗಿ ಜಗ್ಗಿ ಕೆಳಕ್ಕೆ ಎಸೆದಳು. ಪಂಪಿನ ಹತ್ತಿರ ದಿನಾ ಜಗಳವಾಡುತ್ತಿದ್ದ ಹೆಂಗಸರು ಬಂದು ಬಿದ್ದ ಗರಿಗಳನ್ನು ಎಳೆದರು. ಕಡೆಗೆ ನಂಜಪ್ಪನೂ, "ಆದದ್ದಾಗ್ಲಿ ಅತ್ಲಾಗೆ" ಎನ್ನುತ್ತ ಗಳ ಹಿಡಿದುಕೊಂಡ.

ನಡುಹಗಲಿನ ಬಿಸಿಲು ದಪ್ಪನೆ ತೊಟ್ಟಿಯ ಮೇಲೆ ಬಿತ್ತು. ಹಾಳೆಗಳು ಕಣ್ಣು ಕುಕ್ಕುವಷ್ಟು ಬೆಳ್ಳಗಾದವು.

ಗರಿಗಳನ್ನು ಹಾಕಲು ಜಾಗವಿರಲಿಲ್ಲವಾಗಿ ಎಲ್ಲವನ್ನೂ ಪಕ್ಕದ ರಸ್ತೆಗೆ ಎಳೆದಿದ್ದರು. ಕೊನೆಯ ಗರಿ ಎಸೆದು ಬೆವರೊರೆಸಿಕೊಳ್ಳುವಾಗ ಸೋಮಮ್ಮನಿಗೆ ಹೊಳೆಯಿತು. ಕಾರ್ಖಾನೆಯಿಂದ ಇಳಿದು ಹೋಗಲು ಇರುವುದು ಇದೊಂದೇ ರಸ್ತೆ. ಈ ಪಕ್ಕ ಹಳ್ಳ, ಆ ಪಕ್ಕ ನಾಟಿ ಗದ್ದೆ.

"ಇನ್ನೊಸಿ ಅಡ್ಡಕ್ಕೆ ಎಳೀರ್ರೇ. ಅಡ್ಡಗಳಾನೂ ಆಕಿ" ಎಂದಳು.

ಊಟ ಮುಗಿಸಿದ ಜೀಪು ಇಳಿದು ಬಂತು, ಹಾರನ್ನು ಹೊಡೆಯಿತು, ನಿಂತಿತು. ಎದೆಯೆತ್ತರ ಗರಿಯ ರಾಶಿಯ ಮುಂದೆ ಸೋಮಮ್ಮ ಮಚ್ಚು ಹಿಡಿದೇ ನಿಂತಿದ್ದಳು. ಮಚ್ಚು ಕೈಯಲ್ಲಿರುವುದನ್ನು ಅವಳು ಮರೆತಿದ್ದಳು. ಜೀಪಿನಲ್ಲಿದ್ದವರಿಗೆ ಅದು ಗೊತ್ತಿರಲಿಲ್ಲ.

"ಏನಿದು? ತೆಗೆಸ್ರಿ ಇದನ್ನ" ಎಂದರು ಸಾಹೇಬರು.

"ತೆಗೀತೀವಿ ಸ್ವಾಮಿ. ನೀವು ನೋಡಕ್ ಬಂದದ್ದ ನೋಡ್ಕಂಡು ಓಗಿ. ಬೆಳಿಗ್ಗೆ ನೀವು ನೋಡಿದ್ದು ಚಪ್ರಾನ, ತೊಟ್ಟೀನಲ್ಲ."

"ಎಷ್ಟು ಹೊತ್ತಾಗುತ್ತೆ?"

"ಬಿಸ್ಲು ಇಳಿಯೋಗಂಟ."

"ನನಗೆ ಮಂಡ್ಯದಲ್ಲಿ ಮೀಟಿಂಗ್ ಇದೆಯಮ್ಮಾ."

"ನನ್ ಅಸ ತುಂಬ್ದ ಗಬ್ಬ ಸ್ವಾಮಿ" ಎಂದಳು ಸೋಮಮ್ಮ. ಸಾಹೇಬರಿಗೆ ಅದು ಏನೆಂದು ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಲೂ ಇಲ್ಲ.

ಜೀಪಿನ ಹಿಂದೆ ಸ್ಕೂಟರು ನಿಲ್ಲಿಸಿ ತಿಮ್ಮರಾಜು ಓಡಿಬಂದ. ಈಗ ನಗು ಇರಲಿಲ್ಲ. "ದೇವ್ರಾಜ, ಏನಯ್ಯಾ ನಿನ್ ಎಂಡ್ತಿ ರೌಡಿಜಂ! ನೀನೊಬ್ಬ ಮೆಂಬರು! ತೆಗ್ಸಯ್ಯಾ!"

ದೇವರಾಜು ಜೀಪಿನಿಂದ ಇಳಿದ. ಬರಿದಾದ ಗಳಗಳನ್ನು ನೋಡಿದ, ಹೆಂಡತಿಯನ್ನು ನೋಡಿದ, ಅವಮಾನದಿಂದ ಅವನ ಕಿವಿ ಕೆಂಪಾಗಿದ್ದವು.

"ಸೋಮಿ, ದಾರಿ ಬುಡು."

"ಬುಡಲ್ಲ ಕಣಯ್ಯಾ."

ಅವನು ಪಂಚೆ ಮೇಲೆತ್ತಿ ಕಟ್ಟಿ ಗರಿಗೆ ಕೈಹಾಕಿದ. ಗರಿ ಎಳೆದರೆ ಬರಲಿಲ್ಲ. ರಾಶಿಯ ಆಚೆ ಬದಿಯಲ್ಲಿ ಅದರ ತುದಿಯ ಮೇಲೆ ಅವನ ತಾಯಿ ಕಾಲು ನೀಡಿಕೊಂಡು ಕೂತಿದ್ದಳು, ಮಡಿಲಲ್ಲಿ ಎಲೆ ಅಡಿಕೆಯ ಚೀಲ.

"ಮೊದ್ಲು ನನ್ನ ಎತ್ತಿ ಹಳ್ಳುಕ್ ಆಕ್ಲಾ ದೇವ್ರಾಜ" ಎಂದಳು ಚಿಕ್ಕಬೋರಮ್ಮ, ಅಡಿಕೆ ಕತ್ತರಿಸುತ್ತ. "ಆಮ್ಯಾಕೆ ಜೀಪು ಬುಡೀವಂತೆ."

ದೇವರಾಜು ಗರಿಯನ್ನು ಕೈಬಿಟ್ಟ.

ಸಾಹೇಬರು ಸ್ವಲ್ಪ ಹೊತ್ತು ಜೀಪಿನಲ್ಲೇ ಕೂತರು. ತಗಡಿನ ಜೀಪು ಕಾದು ಒಲೆಯಾಯಿತು. ಕೆಳಗಿಳಿದು ಸುತ್ತ ನೋಡಿದರು.

"ಕೂರೋಕೆ ಒಂದು ಮರಾನೂ ಇಲ್ವೇನ್ರೀ ಇಲ್ಲಿ?"

"ಇತ್ತು ಸ್ವಾಮಿ" ಎಂದಳು ಚಿಕ್ಕಬೋರಮ್ಮ. "ಅಗಾ, ಅಲ್ಲದೆ ಅದ್ರ ಬೊಡ್ಡೆ. ಅದ್ರ ಮ್ಯಾಲೆ ಕುಂತ್ಕಳಿ."

ಕಣದ ಪಡುವಲ ಅಂಚಿನಲ್ಲಿ ನೆಲಕ್ಕಿಂತ ಮೊಳದೆತ್ತರ ಉಳಿದಿದ್ದ ಹುಣಸೆಯ ಬೊಡ್ಡೆಯ ಮೇಲೆ ಸಾಹೇಬರು ಕರವಸ್ತ್ರ ಹಾಸಿ ಕೂತರು. ಮುಖ ಗಂಟಿಕ್ಕಿತ್ತು. ರಂಜಿತ ಗಾಜಿನ ಲೋಟವೊಂದನ್ನು ಬಾನಿಯಲ್ಲಿ ಅದ್ದಿ ಅವರ ಕಾಲ ಬಳಿ ಇಟ್ಟಳು. "ಸರ್, ಇದು ಬೆಳಿಗ್ಗೆ ನೀವು ನೋಡಿದ್ದು" ಎಂದಳು. ದನಿ ಇನ್ನೂ ಒಡೆದೇ ಇತ್ತು, ಆದರೆ ಈ ಸಲ ಮಾತು ಪೂರ್ತಿ ಹೊರಗೆ ಬಂತು. ಬಾನಿಯನ್ನು ಬರಿದು ಮಾಡಿ ಮತ್ತೆ ಜಿನುಗಲು ಬಿಟ್ಟಳು. ತುಸು ಹೊತ್ತು ಬಿಟ್ಟು ಇನ್ನೊಂದು ಲೋಟ ತುಂಬಿ ಅದರ ಪಕ್ಕ ಇಟ್ಟಳು. ಆಮೇಲೆ ಮತ್ತೊಂದು. ಒಂದಕ್ಕಿಂತ ಒಂದರ ಕೆಂಪು ತೆಳುವಾಗುತ್ತ ಬಂತು. ಮಳೆಗಾಲದ ಮಾತನ್ನೂ ಅವಳೇ ಎತ್ತಿದಳು. ಹಿಡಿದಿಡುವ ಕೊಳ ಎಲ್ಲಿ ಬರಬೇಕು ಎಂದು ಮಣ್ಣಿನಲ್ಲಿ ಕಡ್ಡಿಯಿಂದ ಗೀರಿ ತೋರಿಸಿದಳು. ತಿಮ್ಮರಾಜು ಎರಡು ಸಲ ನಡುವೆ ಬಾಯಿ ಹಾಕಿದ. ಎರಡನೆಯ ಸಲ ಸಾಹೇಬರು, "ಇರ್ರೀ, ಕೇಳ್ತಾ ಇದೀನಿ" ಎಂದರು.

ಹೊತ್ತು ವಾಲಿತು. ಸಾಹೇಬರ ಬೋಳುತಲೆ ಕೆಂಡವಾಗಿತ್ತು. ಯಾರದೋ ಮನೆಯಿಂದ ಛತ್ರಿ ತಂದ ದೇವರಾಜು ಅವರ ಬೆನ್ನ ಹಿಂದೆ ನಿಂತು ಅದನ್ನು ಬಿಚ್ಚಿ ಹಿಡಿದ. ಛತ್ರಿಯ ನೆರಳು, ಛತ್ರಿ ಹಿಡಿದವನ ನೆರಳು ಎರಡೂ ಸೇರಿ ಕಣದುದ್ದಕ್ಕೂ ಚಾಚಿ ತೊಟ್ಟಿಯ ಅಂಚನ್ನು ಮುಟ್ಟಿದವು.

ಸೋಮಮ್ಮ ಬಾಯಿ ತೆರೆದಳು. ಅವಳು ಕೂಗುವ ಮೊದಲೇ ಸಾಹೇಬರು ಲೋಟಗಳಿಂದ ಕಣ್ಣೆತ್ತಿದರು.

"ಸ್ವಲ್ಪ ಆಚೆ ಹೋಗ್ರೀ, ನೆರಳು ಬೀಳ್ತಾ ಇದೆ" ಎಂದರು ಅವರು.

ದೇವರಾಜು ಛತ್ರಿ ಮಡಿಚಿ ಪಕ್ಕಕ್ಕೆ ಸರಿದ. ಸಾಹೇಬರ ಕಾಲ ಬಳಿಯ ಕೊನೆಯ ಲೋಟದಲ್ಲಿ ಇನ್ನೂ ತುಸು ನಸುಗೆಂಪಿತ್ತು. ಕಣದಲ್ಲಿ ಬಿಸಿಲೂ ಇನ್ನೂ ಇತ್ತು. ಕೊಟ್ಟಿಗೆಯಲ್ಲಿ ಗೌರಿ ನೀರಿಗಾಗಿ ಕೂಗಿತು.